ಜಾನ್‌ಸನ್ನನ ದ್ವೀಪಯಾತ್ರೆ

ಒಂದೇ ಸಂಚಾರವನ್ನು ಕುರಿತು, ಜೊತೆಯಾಗಿ ಹೋಗಿಬಂದ ಇಬ್ಬರು ಸಮರ್ಥ ಲೇಖಕರು ಬೇರೆ ಬೇರೆ ಗ್ರಂಥಗಳನ್ನು ರಚಿಸಿರುವುದು ಸಾಹಿತ್ಯಚರಿತ್ರೆಯಲ್ಲಿ ಬಹು ವಿರಳ. ಡಾಕ್ಟರ್ ಸಾಮ್ಯುಯೆಲ್ ಜಾನ್‌ಸನ್ನನೂ ಅವನ ಚರಿತ್ರಕಾರನೆಂದು ಪ್ರಸಿದ್ಧನಾದ ಜೇಮ್ಸ್ ಬಾಸ್‌ವೆಲ್ಲನೂ 1773ರಲ್ಲಿ ಸ್ಕಾಟ್‌ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳನ್ನು ನೋಡಲು ಹೋದುದು ಇಂಥದೊಂದು ಪ್ರಸಂಗ. ಜಾನ್‌ಸನ್ನನ 'ಪಶ್ಚಿಮ ದ್ವೀಪಗಳ ಯಾತ್ರೆ'ಯು 1775ರ ಆರಂಭದಲ್ಲಿ ಅಚ್ಚಾಯಿತು. ಬಾಸ್‌ವೆಲ್ಲನ 'ಹೆಬ್ರಿಡೀಸ್ ಸಂಚಾರದ ದಿನಚರಿ'ಯು ಹಿರಿಯನು ತೀರಿಕೊಂಡ ಮರುವರ್ಷ, ಎಂದರೆ 1785ರಲ್ಲಿ, ಹೊರಬಂದಿತು. ಇವೆರಡರ ತಾರತಮ್ಯವನ್ನು ಕುರಿತು ಒಂದು ತೀರ್ಪು ರೂಢಿಯಲ್ಲಿದೆ: ಬಾಸ್‌ವೆಲ್ಲನದು ಜೀವಂತ, ಜಾನ್‌ಸನ್ನನದು ಶುಷ್ಕ, ಅಷ್ಟು ರಮಣೀಯವಾದ ದ್ವೀಪಗಳಿಗೆ ಹೋಗಿಯೂ ಜಾನ್‌ಸನ್ನನು ಅವುಗಳ ಚೆಲುವನ್ನು ಕಾಣಲಿಲ್ಲ. ಪಾಠ ಹೇಳುವವರಿಗೆ ಈ ತೀರ್ಪು ಬಹು ಅನುಕೂಲವಾದುದು. ಎರಡು ಗ್ರಂಥಗಳಲ್ಲಿ ಒಂದನ್ನು ಓದುವ ಶ್ರಮ ತಪ್ಪುತ್ತದೆ. ಆದರೆ ಗ್ರಂಥಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದು ನಿಲ್ಲುವುದಿಲ್ಲ. ಜಾನ್‌ಸನ್ನನ ನಿಜವಾದ ಕೊರತೆ ಬೇರೆಡೆಯಲ್ಲಿದೆ. ಅದನ್ನು ತೋರಿಸಿಕೊಡುವವನು ಜಾನ್‌ಸನ್ನನೇ.

ಈ ಸಂಚಾರವು ಮೂಲತಃ ಬಿಡುವಿನ ವಿಹಾರವೆಂಬುದನ್ನು ಮೊದಲು ನೆನಪಿಡಬೇಕು. ಬಾಸ್‌ವೆಲ್ಲನು ಎಡಿನ್‌ಬರೋ ನಗರದ ವಕೀಲ. ನ್ಯಾಯಾಲಯಕ್ಕೆ ರಜೆ ಬಂದಾಗ ಹೊರಟನು. ಅವನಿಗೆ ಆಗ 32 ವರ್ಷ. ಜಾನ್‌ಸನ್ನನಿಗೆ 63, ಸೆಪ್ಟೆಂಬರ್ 18ರಂದು ಸ್ಕೈ ದ್ವೀಪದ ಡನ್‌ವೇಗನ್ ಕೋಟೆಯಲ್ಲಿದ್ದಾಗಲೇ ಅವನಿಗೆ 64 ತುಂಬಿತು. ಆಗಸ್ಟ್ 18ರಂದು ಎಡಿನ್‌ಬರೋ ಬಿಟ್ಟು, ಪೂರ್ವ ಕರಾವಳಿಯನ್ನು ಹಿಡಿದು ಉತ್ತರಕ್ಕೆ ಹೋಗಿ, ಬೆಟ್ಟಸೀಮೆಯನ್ನು ಕುದುರೆಯ ಮೇಲೆ ದಾಟಿ, ಸೆಪ್ಟೆಂಬರ್ 2ರಂದು ದೋಣಿಯಲ್ಲಿ ಸ್ಕೈ ದ್ವೀಪಕ್ಕೆ ಇಳಿದರು. ಅಲ್ಲಿಂದ ಮುಂದೆ ರಾಸೇ, ಕಾಲ್, ಮಲ್, ಅಲ್ವ, ಇಂಚ್‌ಕೆನೆತ್, ಅಯೋನಾ. ಮಳೆಗಾಳಿಗಳ ಕಾಲ; ಅಕ್ಟೋಬರ್ 3ರಂದು ಸ್ಕೈ ಬಿಟ್ಟ ಹಡಗು ಬಿರುಗಾಳಿಗೆ ಸಿಕ್ಕಿ, ಹೋಗಬೇಕಾದೆಡೆಗೆ ಹೋಗದೆ ಕಾಲ್ ದ್ವೀಪವನ್ನು ಸೇರಿತು. ಅಲ್ಲಿ ಹತ್ತು ದಿನ ಗಾಳಿಯ ಸೆರೆಯಲ್ಲಿರಬೇಕಾಯಿತು.

ಇನ್ನು ಚೆಲುವಿನ ಮಾತು. ಸ್ಕೈ ದ್ವೀಪದ ಕೂಲಿನ್ ಬೆಟ್ಟಗಳನ್ನು ನೋಡಲು ಇಂದು ಲಕ್ಷಾಂತರ ಜನ ಹೋಗುತ್ತಾರೆ. ಅವನ್ನು ಕುರಿತು ಬಾಸ್‌ವೆಲ್ಲನು ಒಂದೆರಡು ಮಾತು ಬರೆದರೆ, ಜಾನ್‌ಸನ್ನನು ಅಷ್ಟನ್ನೂ ಬರೆಯುವುದಿಲ್ಲ. ಅವನ ದೃಷ್ಟಿ ಮಂದವಾಗಿತ್ತೆಂದು ಕೆಲವರು ಸಮಾಧಾನ ಹೇಳುವುದುಂಟು. ದೃಷ್ಟಿ ಮಂದವಾಗಿದ್ದುದು ನಿಜ. ಆದರೆ ಉತ್ತರ ಅದರಲ್ಲಿಲ್ಲ. ಬೋಳುಬೆಟ್ಟವನ್ನೂ ಅಲೆ ಬಡಿಯುವ ಬಂಡೆಯನ್ನೂ ನೋಡಿ ಸುಖಪಡುವ ಅಭಿರುಚಿಯೇ ಆಗ ಇಂಗ್ಲಿಷ್ ಓದುಗರಲ್ಲಿ ರೂಢಮೂಲವಾಗಿರಲಿಲ್ಲ. ಬರ್ಕನು ಭವ್ಯತೆಯನ್ನು ಕುರಿತು ಬರೆದ ಗ್ರಂಥ 1757ರದು. ಆದರೆ ಚಿತ್ರಸದೃಶವಾದ ನೋಟಗಳನ್ನು ಅರಸಿ ಹೋಗುವುದನ್ನು ಜನಕ್ಕೆ ಕಲಿಸಿದ ಗಿಲ್ಪಿನ್ನನ ಪ್ರವಾಸಗ್ರಂಥಗಳು ಅಚ್ಚಾಗಲು ಮೊದಲಾದುದು 1782ರಲ್ಲಿ. ಸ್ಟ್ಯಾಫ ದ್ವೀಪದ ಕಂಬಗಲ್ಲಿನ ಗುಹೆಯನ್ನು ಜೋಸೆಫ್ ಬ್ಯಾಂಕ್ಸ್ ಹೊರಲೋಕಕ್ಕೆ ತಿಳಿಸಿದುದು 1772ರಲ್ಲಿ, ಎಂದರೆ ನಮ್ಮ ಯಾತ್ರಿಕರಿಗಿಂತ ಒಂದೇ ವರ್ಷ ಮೊದಲು. ಇವರಿಬ್ಬರೂ ಅದರ ಸಮೀಪದಲ್ಲಿಯೇ ಹಾದುಹೋದರು. ಅಲೆಗಳ ಹೊಡೆತದಿಂದ ಇಳಿಯಲಾಗಲಿಲ್ಲ. ಸ್ಕಾಟನು 'ಲಾರ್ಡ್ ಆಫ್ ದಿ ಐಲ್ಸ್' ಎಂಬ ಕಾವ್ಯದಲ್ಲಿ ಸ್ಕೈ ದ್ವೀಪದ ಗಿರಿಸರೋವರವನ್ನು ವರ್ಣಿಸಿದುದು 1815ರಲ್ಲಿ. ಕೀಟ್ಸನು ಕಾಲ್ನಡೆಯಲ್ಲಿ ಮಲ್ ದಾಟಿ ಅಯೋನಾ ಸ್ಟ್ಯಾಫಗಳನ್ನು ನೋಡಿದುದು 1818ರಲ್ಲಿ. ಮೆಂಡೆಲ್ಸನ್ನನು ಬಂದುದು 1829ರಲ್ಲಿ. 1833ರಲ್ಲಿ ವರ್ಡ್ಸ್‌ವರ್ತನು ಬರುವ ಹೊತ್ತಿಗೆ ಗುಹೆಯಲ್ಲಿ ಜನರ ನೂಕುನುಗ್ಗಲು! ಅರುವತ್ತೇ ವರ್ಷಗಳಲ್ಲಿ ಕಾಡುದ್ವೀಪವು ವಿಹಾರಸ್ಥಳವಾಯಿತು. ಹೀಗಿರಲು, ಮುಂದಿನ ತಲೆಮಾರು ಕಲಿತ ಕಣ್ಣನ್ನು ಜಾನ್‌ಸನ್ನನಲ್ಲಿ ಹುಡುಕಿ, ಕಾಣಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಹಾಗಾದರೆ ಅವನು ಕಂಡುದೇನು? ಅವನ ಕೈಯಲ್ಲಿ ಒಂದು ದಪ್ಪನೆಯ ಓಕ್ ಮರದ ದೊಣ್ಣೆಯಿತ್ತು. ಅದಕ್ಕೆ ಒಂದು ಅಡಿಯ ಅಳತೆಗೆ ಒಂದು ಮೊಳೆ, ಒಂದು ಗಜದ ಅಳತೆಗೆ ಇನ್ನೊಂದು ಮೊಳೆ ಬಡಿದಿತ್ತು ಎಂದು ಬಾಸ್‌ವೆಲ್ಲನು ತಿಳಿಸುತ್ತಾನೆ. ಅಳೆಯದೆ ಬರೆಯುವ ಪ್ರವಾಸಿಗಳಲ್ಲಿ ಜಾನ್‌ಸನ್ನನಿಗೆ ನಂಬಿಕೆಯಿಲ್ಲ. (ಆ ದೊಣ್ಣೆ ಮಲ್ ದ್ವೀಪದಲ್ಲಿ ಕಳೆದುಹೋಯಿತು. ಮರವೇ ಇಲ್ಲದ ನಾಡಿನಲ್ಲಿ ಅಂಥ ಮರದ ತುಂಡು ಸಿಕ್ಕಿದವನು ಹಿಂದಕ್ಕೆ ಕೊಡುವನೇ ಎಂದು ಅವನು ವಾದಿಸಿದುದು 'ದಿನಚರಿ'ಯ ರಸಘಟ್ಟಗಳಲ್ಲೊಂದು; 'ಯಾತ್ರೆ'ಯಲ್ಲಿ ಇದರ ಸುಳಿವಿಲ್ಲ.) ಕಿಟಕಿಗಳು ಹೇಗೆ ತೆರೆಯುತ್ತವೆ, ಗುಡಿಸಲಿನ ಹೊಗೆ ಎಲ್ಲಿಂದ ಹೋಗುತ್ತದೆ, ನೇಗಿಲು ಎಂಥದು, ಚಳಿಗಾಲದಲ್ಲಿ ದನ ಏನು ತಿನ್ನುತ್ತದೆ: ಇವು ಅವನ ಪ್ರಶ್ನೆಗಳು. ಪೂರ್ವತೀರದ ಬ್ಯಾನ್ಫ್ ಎಂಬ ಊರಿನ ಪ್ರಸಂಗದಲ್ಲಿ ಕಿಟಕಿಗಳನ್ನು ಕುರಿತು ಬರೆದು, ಇಷ್ಟು ಸಣ್ಣ ಸಂಗತಿಯನ್ನು ಏಕೆ ಬರೆದೆನೆಂದು ತಾನೇ ಸಮರ್ಥನೆ ಕೊಡುತ್ತಾನೆ. ಒಂದು ಜನಾಂಗದ ಬಾಳು ಅದರ ಅರಮನೆಗಳಲ್ಲಿಲ್ಲ, ದಿನದಿನದ ಸೌಕರ್ಯ ಅಸೌಕರ್ಯಗಳಲ್ಲಿದೆ ಎಂಬುದು ಅದರ ತಾತ್ಪರ್ಯ. ಶುಷ್ಕವೆಂದು ಹೇಳುವ ಭಾಗಗಳೆಲ್ಲ ಈ ಒಂದು ತತ್ತ್ವದ ಫಲಗಳು.

ಈ ತತ್ತ್ವಕ್ಕೆ ಪೂರಕವಾದ ಇನ್ನೊಂದು ಮಾತನ್ನು ಅವನು ಮಾರ್ಟಿನ್ ಮಾರ್ಟಿನ್ ಎಂಬ ಲೇಖಕನ ವಿಷಯದಲ್ಲಿ ಹೇಳಿದ್ದಾನೆ. ಮಾರ್ಟಿನ್ನನು ಸ್ಕೈ ದ್ವೀಪದವನೇ. ಗೇಲಿಕ್ ಅವನ ಮನೆಮಾತು. ಅವನು ಬರೆದ ದ್ವೀಪವರ್ಣನೆಯ ಪುಸ್ತಕ 1703ರಲ್ಲಿ ಪ್ರಕಟವಾಯಿತು. ಬಾಲಕನಾಗಿದ್ದಾಗ ಜಾನ್‌ಸನ್ನನು ಅದನ್ನು ತಂದೆಯ ಕೈಯಿಂದ ಪಡೆದು ಓದಿದ್ದನು. ಈಗ ದ್ವೀಪವನ್ನು ಕಣ್ಣಾರೆ ಕಂಡಮೇಲೆ ಅವನ ಆಕ್ಷೇಪವಿದು: ಮಾರ್ಟಿನ್ನನು ಹಳೆಯ ಬಾಳುವೆಯು ಇನ್ನೂ ಉಳಿದಿದ್ದ ಕಾಲದಲ್ಲಿ ಬದುಕಿದ್ದರೂ ಅದನ್ನು ಬರೆದಿಡಲಿಲ್ಲ, ತನಗೆ ನಿತ್ಯಪರಿಚಿತವಾದುದು ಇತರರಿಗೆ ಅಪರಿಚಿತವಾಗಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಒಳಗಿನವನ ಕೊರತೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಕಾಣೆ. ಹೊರಗಿನವನಿಗೂ ಇಂಥದೇ ಒಂದು ಕೊರತೆಯುಂಟಷ್ಟೆ. ಅದು ಸ್ವಲ್ಪ ಮುಂದೆ ರಾಸೇ ದ್ವೀಪದಲ್ಲಿ ಬಯಲಾಗುವುದು.

ಅದಕ್ಕೆ ಮುನ್ನ ದ್ವೀಪದ ಅಂದಿನ ಸ್ಥಿತಿಯನ್ನು ನೋಡಬೇಕು. 1745ರ ದಂಗೆ ಮುರಿದಮೇಲೆ ಸರ್ಕಾರವು ಬೆಟ್ಟಸೀಮೆಯವರ ಆಯುಧಗಳನ್ನು ಕಿತ್ತುಕೊಂಡಿತು, ಅವರ ಉಡುಪನ್ನು ನಿಷೇಧಿಸಿತು, ಕುಲನಾಯಕರ ನ್ಯಾಯಾಧಿಕಾರವನ್ನು 1747ರಲ್ಲಿ ತೆಗೆದುಹಾಕಿತು. ಆಳು ಮಂದಿಯ ಬಲದಿಂದ ದೊಡ್ಡವನಾಗಿದ್ದ ನಾಯಕನು ಗೇಣಿಯ ಹಣದಿಂದ ದೊಡ್ಡವನಾಗಲು ಹೊರಟನು. ಗೇಣಿ ಏರಿತು. ನಾಯಕನಿಗೂ ಸಣ್ಣ ಒಕ್ಕಲುಗಳಿಗೂ ನಡುವೆ ಇದ್ದ ಹಿರಿಯ ಗೇಣಿದಾರರು ಮೊದಲು ಮನೆ ಬಿಟ್ಟರು, ಅವರ ಹಿಂದೆ ಒಕ್ಕಲುಗಳೂ ಹೊರಟರು. ಹಡಗು ಹಡಗಾಗಿ ಜನ ಅಮೆರಿಕಕ್ಕೆ ಹೋಗುತ್ತಿದ್ದ ಕಾಲದಲ್ಲಿ ನಮ್ಮ ವಿಹಾರಿಗಳು ಬಂದರು. ಬಂಡಾಯಗಾರ ರಾಜಕುಮಾರನನ್ನು 1746ರಲ್ಲಿ ಪಾರುಮಾಡಿದ ಫ್ಲೋರಾ ಮ್ಯಾಕ್‌ಡೊನಾಲ್ಡಳ ಮನೆಯಲ್ಲಿ ಜಾನ್‌ಸನ್ನನು ಒಂದು ರಾತ್ರಿ ಕಳೆದನು, ಅದೂ ರಾಜಕುಮಾರನು ಮಲಗಿದ್ದ ಮಂಚದ ಮೇಲೆಯೇ. ಮರುವರ್ಷ ಆಕೆಯೂ ಅಮೆರಿಕದ ನಾರ್ತ್ ಕ್ಯಾರೊಲಿನಕ್ಕೆ ಹೊರಟುಹೋದಳು.

'ಯಾತ್ರೆ'ಯ ಅತ್ಯಂತ ಗಟ್ಟಿಯಾದ ಪುಟಗಳು ಈ ವಲಸೆಯನ್ನು ಕುರಿತವು. ಮಧ್ಯದ ಗೇಣಿದಾರನನ್ನು ತೆಗೆದುಹಾಕಿದರೆ ಲಾಭವೆಂಬ ಅಂದಿನ ಅರ್ಥಶಾಸ್ತ್ರವನ್ನು ಜಾನ್‌ಸನ್ನನು ಒಪ್ಪುವುದಿಲ್ಲ. ಅವನು ಹೋದರೆ ದ್ವೀಪದಲ್ಲಿ ವಿದ್ಯೆಯೂ ಮರ್ಯಾದೆಯೂ ಹೋಗುವುವೆಂದು ವಾದಿಸುತ್ತಾನೆ. ದಂಗೆಯಾಗದಂತೆ ಮಾಡುವುದಕ್ಕಾಗಿ ಪ್ರಜೆಗಳನ್ನೇ ಹೊರಗೆ ಅಟ್ಟುವುದು ಅಗ್ಗದ ರಾಜನೀತಿಯೆಂದು ಹಂಗಿಸುತ್ತಾನೆ. ನೆರೆಹೊರೆಯೆಲ್ಲ ಒಟ್ಟಾಗಿ ಹೋಗುವುದರಿಂದ ದೇಶತ್ಯಾಗದ ನೋವೇ ಕಡಮೆಯಾಗಿ, ಉಳಿದವರನ್ನೂ ಸೆಳೆಯುವುದೆಂಬ ಸೂಕ್ಷ್ಮವನ್ನೂ ಗಮನಿಸುತ್ತಾನೆ. ಇಂಗ್ಲಿಷ್ ಗದ್ಯದಲ್ಲಿ ಪ್ರವಾಸಿಯೊಬ್ಬನು ತನಗೆ ಅತಿಥಿಸತ್ಕಾರ ಮಾಡಿದ ಭೂಮಾಲಿಕರ ವಿಚಾರದಲ್ಲಿ ಇಷ್ಟು ನಿರ್ಭಿಡೆಯಾಗಿ ಬರೆದುದು ಅದಕ್ಕೆ ಮೊದಲು ಬಹಳವಿಲ್ಲ.

ಇಲ್ಲಿ ಬಾಸ್‌ವೆಲ್ಲನ ಪಾಲನ್ನು ಕಡಮೆ ಮಾಡಲಾಗದು. ಅವನು ವಲಸೆಯನ್ನು ವಿಚಾರಿಸುವುದಿಲ್ಲ, ಕಾಣುತ್ತಾನೆ. ಪೋರ್ಟ್ರೀ ಬಂದರಿನಲ್ಲಿ ವಲಸೆಯ ಹಡಗೊಂದನ್ನು ಕಂಡುದು ಅವನ ಪುಟಗಳಲ್ಲಿದೆ. ಅಕ್ಟೋಬರ್ 2ರ ರಾತ್ರಿ ಆರ್ಮಡೇಲಿನಲ್ಲಿ ಅವನೂ ಕುಣಿದ ಒಂದು ಕುಣಿತಕ್ಕೆ 'ಅಮೆರಿಕ' ಎಂದೇ ಹೆಸರಂತೆ: ಒಂದು ಜೋಡಿ ಏಳುತ್ತದೆ, ಅದರ ಹಿಂದೆ ಇನ್ನೊಂದು, ಕೊನೆಗೆ ಎಲ್ಲರೂ ಸುತ್ತುತ್ತಿರುತ್ತಾರೆ, ಒಬ್ಬರ ಹಿಂದೆ ಒಬ್ಬರಾಗಿ ನಾಡೆಲ್ಲ ಹೊರಟುಹೋಗುವುದನ್ನು ಅದು ತೋರಿಸುವಂತಿತ್ತೆಂದು ಅವನಿಗೆ ಅನ್ನಿಸಿತು. ಅದೇ ಕಡೆ ಒಬ್ಬ ಗೃಹಿಣಿ ಅವನಿಗೆ ಹೇಳಿದಳು: ಹಿಂದಿನ ವರ್ಷ ಹಡಗು ಹೊರಟಾಗ ದಡದಲ್ಲಿ ಉಳಿದವರು ನೆಲಕ್ಕೆ ಬಿದ್ದು ಹೊರಳಾಡಿ ಹುಲ್ಲನ್ನು ಹಲ್ಲಿನಿಂದ ಕಿತ್ತರು, ಈ ವರ್ಷ ಯಾರೊಬ್ಬರೂ ಕಣ್ಣೀರಿಡಲಿಲ್ಲ, ತಾವೂ ಬೇಗನೆ ಹಿಂದೆಯೇ ಹೋಗುವೆವೆಂದು ಭಾವಿಸಿದ್ದರು. ಜಾನ್‌ಸನ್ನನ ಅಷ್ಟೂ ವಾದಸರಣಿಯನ್ನು ಓದಿ ಬಂದವನಿಗೆ ಈ ಎರಡು ಚಿತ್ರಗಳು ಒಮ್ಮೆಗೇ ಅದರ ಅರ್ಥವನ್ನು ಕೊಡುತ್ತವೆ. ಬಾಸ್‌ವೆಲ್ಲನು ಮಾತ್ರ ಅವನ್ನು ಬರೆದು ಮುಗಿಸಿ, ಮುಂದಿನ ಸಾಲಿಗೆ ಹೋಗಿಬಿಡುತ್ತಾನೆ. ಅವನ ಲಕ್ಷ್ಯವೆಲ್ಲ ಜಾನ್‌ಸನ್ನನ ಮೇಲೆ. ದ್ವೀಪವು ಅವನಿಗೆ ತನ್ನ ಗುರುವನ್ನು ನಿಲ್ಲಿಸಿ ನೋಡಲು ಒದಗಿದ ರಂಗಭೂಮಿ.

ಈಗ ರಾಸೇ. ಸೆಪ್ಟೆಂಬರ್ 8ರಿಂದ 12ರ ವರೆಗೆ ಅಲ್ಲಿಯ ಮ್ಯಾಕ್‌ಲೌಡನ ಮನೆಯಲ್ಲಿ ಇವರಿದ್ದರು. ಮೂವರು ಗಂಡುಮಕ್ಕಳೂ ಹತ್ತು ಮಂದಿ ಹೆಣ್ಣುಮಕ್ಕಳೂ ಇದ್ದ ತುಂಬು ಮನೆ. ಪ್ರತಿ ರಾತ್ರಿಯೂ ಕುಣಿತ. ಬಾಸ್‌ವೆಲ್ಲನು ಡನ್ ಕ್ಯಾನ್ ಎಂಬ ದ್ವೀಪದ ಎತ್ತರದ ಗುಡ್ಡವನ್ನೇರಿ ಅದರ ನೆತ್ತಿಯ ಮೇಲೂ ಕುಣಿದು ಬಂದನು. ಜಾನ್‌ಸನ್ನನು ಕುಣಿಯುವವನಲ್ಲ, ಕುಳಿತು ಕೇಳುವವನು. ಒಂದು ರಾತ್ರಿ ಊಟವಾದಮೇಲೆ ಹೆಂಗಸರು ಗೇಲಿಕ್ ಹಾಡುಗಳನ್ನು ಹಾಡಿದರು. ಲಂಡನ್ನಿನ ಸಭೆ ಇಟಲಿಯ ಸಂಗೀತನಾಟಕವನ್ನು ಕೇಳುವಂತೆ ತಾನು ಅರ್ಥವರಿಯದೆ ನಾದಮಾತ್ರದಿಂದ ಸುಖಪಟ್ಟೆನೆಂದು ಅವನು ಹೇಳಿಕೊಳ್ಳುತ್ತಾನೆ. ಸಾಮಾನ್ಯ ವಿಹಾರಿಯಾದರೆ ಇಲ್ಲಿಗೆ ಮುಗಿಯಿತು. ಜಾನ್‌ಸನ್ನನು ಹಾಡುಗಳ ವಿಷಯವೇನೆಂದು ಕೇಳಿದನು. ಒಂದು ಪ್ರೇಮಗೀತವೆಂದೂ ಇನ್ನೊಂದು ಅಮೆರಿಕಕ್ಕೆ ಹೊರಟ ದ್ವೀಪದವನೊಬ್ಬನು ಕಟ್ಟಿದ ವಿದಾಯಗೀತವೆಂದೂ ಉತ್ತರ ಬಂತು. ಪೂರ್ವಕವಿಗಳ ಮಾದರಿಯಿಂದ ಅಳುವುದನ್ನು ಕಲಿಯದ ಒಬ್ಬ ಮನುಷ್ಯನ ಎದೆಯಲ್ಲಿ ಅಂಥ ಸಮಯದಲ್ಲಿ ಎಂಥ ಭಾವಗಳು ಹುಟ್ಟುವುವೋ ಅದನ್ನು ತಿಳಿಯಬೇಕೆಂದು ಅವನಿಗೆ ಬಹಳ ಆಸೆಯಾಯಿತು. ಆದರೆ ಪಕ್ಕದಲ್ಲಿ ಕುಳಿತಿದ್ದ ಮಹಿಳೆಯು ಭಾಷಾಂತರ ಮಾಡಲು ತನಗೆ ಶಕ್ತಿ ಸಾಲದೆಂದಳು. ಹಾಡು ಅಲ್ಲಿಗೇ ನಿಂತಿತು.

ನನ್ನ ಅಭಿಪ್ರಾಯದಲ್ಲಿ 'ಯಾತ್ರೆ'ಯ ಕೇಂದ್ರಸ್ಥಾನವಿದು. ಜಾನ್‌ಸನ್ನನ ವಿಮರ್ಶೆಯ ಪರಿಚಯವಿದ್ದವರಿಗೆ ಇದರ ಬೆಲೆ ತಿಳಿದೀತು. ಮುಂದೆ 1779ರಲ್ಲಿ ಪ್ರಕಟವಾದ ಮಿಲ್ಟನ್ನನ ಚರಿತ್ರೆಯಲ್ಲಿ ಅವನು 'ಲಿಸಿಡಸ್' ಎಂಬ ಶೋಕಗೀತವನ್ನು ನಿರ್ದಯವಾಗಿ ಖಂಡಿಸಿದನು: ಕುರುಬರು, ವನದೇವತೆಗಳು, ಸವೆದುಹೋದ ಕವಿಸಮಯಗಳು, ನಿಜವಾದ ದುಃಖಕ್ಕೆ ಇವುಗಳ ಗೊಡವೆಯೆಲ್ಲಿ? ಆ ಖಂಡನೆಯನ್ನು ಓದಿದವರು, ಹಾಗಾದರೆ ಈತನಿಗೆ ಬೇಕಾದ ಶೋಕಗೀತವಾದರೂ ಎಂಥದು ಎಂದು ಕೇಳುವುದುಂಟು. ಉತ್ತರದ ನೆರಳು ರಾಸೇಯ ಈ ಪುಟದಲ್ಲಿದೆ. ಮಾದರಿಯ ಹಂಗಿಲ್ಲದೆ ನೇರವಾಗಿ ದುಃಖದಿಂದ ಹುಟ್ಟಿದ ಪದ್ಯವು ತನ್ನೆದುರಿಗೇ ಹಾಡಿಹೋಗುತ್ತಿದೆ ಎಂದು ಅವನಿಗೆ ತೋರಿತು. ಕಿವಿಗೆ ಬಿದ್ದಿತು, ಕೈಗೆ ಸಿಕ್ಕಲಿಲ್ಲ. ಆ ಕವಿಗೆ ಪೂರ್ವಮಾದರಿ ಇರಲಿಲ್ಲವೆಂಬ ಊಹೆ ಮಾತ್ರ ಸಂದೇಹಾಸ್ಪದ. ಗೇಲಿಕ್ ಕಾವ್ಯಕ್ಕೆ ತನ್ನದೇ ಆದ ಕಟ್ಟುನಿಟ್ಟಾದ ಛಂದಸ್ಸೂ ಮರಣಗೀತಗಳ ದೀರ್ಘಪರಂಪರೆಯೂ ಇದ್ದುವು. ಅಕ್ಷರವಿಲ್ಲದವನಿಗೆ ಮಾದರಿಯೂ ಇಲ್ಲವೆಂದು ತಿಳಿಯುವುದು ಪುಸ್ತಕಪಂಡಿತರಿಗೆ ಸಹಜವಾದ ಭ್ರಮೆ. ಓದುಬರಹ ಕಲಿಯದ ಜನದಲ್ಲಿಯೂ ಕಾವ್ಯದ ತಿಳಿವು ನೆಲಸಿರುವುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ ಕವಿರಾಜಮಾರ್ಗವನ್ನು ಓದಿರುವ ನಮಗೆ ಈ ಭ್ರಮೆ ಕಡಮೆಯಿರಬೇಕು. 1931ರಲ್ಲಿ 'ಗರತಿಯ ಹಾಡು' ಅಚ್ಚಾಗುವ ವರೆಗೆ ನಮ್ಮಲ್ಲಿಯೂ ಅದು ಇದ್ದೇ ಇತ್ತೆಂಬುದು ಬೇರೆ ಮಾತು.

ಸ್ಕೈ ದ್ವೀಪಕ್ಕೆ ಮರಳಿದಮೇಲೆ ಬರೆದ ಭಾಗದಲ್ಲಿ ಈ ಭ್ರಮೆ ತೀರ್ಪಾಗಿ ಗಟ್ಟಿಯಾಗುತ್ತದೆ. ಗೇಲಿಕ್ ಭಾಷೆಯನ್ನು ತಾನರಿಯೆನೆಂದು ಜಾನ್‌ಸನ್ನನು ಮೊದಲು ಒಪ್ಪಿಕೊಳ್ಳುತ್ತಾನೆ. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಅದು ಒರಟು ಜನರ ಒರಟು ಮಾತೆಂದೂ, ಎಂದೂ ಬರಹಕ್ಕಿಳಿದುದಲ್ಲವೆಂದೂ, ನೂರು ವರ್ಷ ಹಳೆಯದಾದ ಒಂದು ಹಸ್ತಪ್ರತಿಯೂ ಲೋಕದಲ್ಲಿಲ್ಲವೆಂದೂ ಮುಂದುವರಿಯುತ್ತಾನೆ. ಇದಕ್ಕೆ ಕಾರಣ ಮ್ಯಾಕ್‌ಫರ್ಸನ್ನನ 'ಆಸಿಯನ್'. 1760ರಿಂದ ಹೊರಬಂದ ಆ ಕಾವ್ಯಗಳು ಪ್ರಾಚೀನ ಗೇಲಿಕ್ ಮೂಲದ ಭಾಷಾಂತರಗಳೆಂಬ ಘೋಷಣೆಯನ್ನು ಜಾನ್‌ಸನ್ನನು ಸುಳ್ಳೆಂದನು. ಘೋಷಿಸಿದ ರೂಪದಲ್ಲಿ ಅಂಥ ಮೂಲವಿರಲಿಲ್ಲವೆಂದು ಮುಂದಿನ ಸಂಶೋಧನೆ ಅವನ ಪಕ್ಷವನ್ನೇ ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೆ ಒಬ್ಬನ ಸುಳ್ಳನ್ನು ಬಯಲಿಗೆಳೆಯುವ ಭರದಲ್ಲಿ ಒಂದು ಭಾಷೆಯ ಸಾಹಿತ್ಯವನ್ನೇ ಇಲ್ಲವೆನ್ನುವುದು ಪ್ರಮಾಣಕ್ಕೆ ಮೀರಿದುದು. ಲಿಸ್ಮೋರಿನ ಡೀನನ ಗ್ರಂಥವೆಂದು ಹೆಸರಾದ ಪದ್ಯಸಂಕಲನದ ಹಸ್ತಪ್ರತಿಯು ಹದಿನಾರನೆಯ ಶತಮಾನದ ಮೊದಲರ್ಧದ್ದು. ಕಾರ್ಸ್‌ವೆಲ್ಲನು ಭಾಷಾಂತರಿಸಿದ ಪ್ರಾರ್ಥನಾಗ್ರಂಥವು ಗೇಲಿಕ್ಕಿನಲ್ಲಿ ಅಚ್ಚಾದುದು 1567ರಲ್ಲಿ. ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡನ ಕವಿತಾಸಂಗ್ರಹ 1751ರಲ್ಲಿ ಅಚ್ಚಾಗಿತ್ತು. ಇನ್ನೂ ಸ್ವಾರಸ್ಯವಾದುದೊಂದುಂಟು. ಓದುಬರಹ ಬಾರದ ಡಂಕನ್ ಬಾನ್ ಮ್ಯಾಕಿಂಟೈರ್ ಎಂಬ ಕವಿಯು ಬೆನ್ ಡೋರನ್ ಎಂಬ ಒಂದು ಬೆಟ್ಟವನ್ನೂ ಅದರ ಜಿಂಕೆಗಳನ್ನೂ ಕುರಿತು ಹಾಡಿದ ದೀರ್ಘಕಾವ್ಯ ಗೇಲಿಕ್ಕಿನ ಪ್ರಕೃತಿಕಾವ್ಯಗಳಲ್ಲಿ ಅಗ್ರಗಣ್ಯ. ಅವನ ಪದ್ಯಗಳು 1768ರಲ್ಲಿ ಪ್ರಕಟವಾಗಿದ್ದುವು. 1773ರಲ್ಲಿ ಅವನು ಎಡಿನ್‌ಬರೋ ನಗರದ ಕಾವಲುಪಡೆಯಲ್ಲಿ ಸೇವಕನಾಗಿದ್ದನು. ಗಿಲ್ಪಿನ್ನನು ಇಂಗ್ಲಿಷರಿಗೆ ಬೆಟ್ಟವನ್ನು ನೋಡುವುದನ್ನು ಕಲಿಸುವ ಮೊದಲೇ ಬೆಟ್ಟವನ್ನು ಕಂಡಿದ್ದ ಕವಿಯು ಕಾವಲಿದ್ದ ಬೀದಿಗಳಲ್ಲಿ ನಡೆದು ಜಾನ್‌ಸನ್ನನು ಬೆಟ್ಟಸೀಮೆಗೆ ಹೊರಟನು!

ಲಿಸ್ಮೋರಿನ ಪಾದ್ರಿ ಡೊನಾಲ್ಡ್ ಮಕ್ನಿಕಲ್ಲನು 1779ರಲ್ಲಿ 'ಯಾತ್ರೆ'ಗೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದನು. ಅದರ ಬೈಗುಳ ಹೆಚ್ಚು, ಶೈಲಿ ಸಾಧಾರಣ. ಆದರೂ ಹಸ್ತಪ್ರತಿಗಳ ವಿಚಾರದಲ್ಲಿ ಪಾದ್ರಿಯ ಕಡೆಗೆ ಸತ್ಯವಿದೆ. ಅತಿಥಿಯ ಪುಸ್ತಕವನ್ನು ಆತಿಥೇಯರು ಓದಿ ತಿರುಗಿ ಮಾತಾಡಿದುದರಿಂದಲೇ ಅದು ಗಮನಾರ್ಹ.

ಇಷ್ಟಾದರೂ ಜಾನ್‌ಸನ್ನನನ್ನು ಗೇಲಿಕ್ಕಿನ ಶತ್ರುವೆಂದು ಗಣಿಸಲಾಗದು. ಬೈಬಲ್ಲನ್ನು ಆ ಭಾಷೆಗೆ ತಂದರೆ ಜನ ಇಂಗ್ಲಿಷ್ ಕಲಿಯುವುದಿಲ್ಲವೆಂದು ಸ್ಕಾಟ್‌ಲೆಂಡಿನ ಕೆಲವರು ಅಡ್ಡಿಮಾಡಿದಾಗ, 1766ರಲ್ಲಿ ಒಂದು ದೀರ್ಘಪತ್ರ ಬರೆದು ಆ ಅಡ್ಡಿಯನ್ನು ತೀಕ್ಷ್ಣವಾಗಿ ಖಂಡಿಸಿದವನು ಅವನೇ; ಹೊಸ ಒಡಂಬಡಿಕೆ ಮರುವರ್ಷವೇ ಗೇಲಿಕ್ಕಿನಲ್ಲಿ ಪ್ರಕಟವಾಯಿತು. ಒಂದು ಜನಕ್ಕೆ ಅದರ ಭಾಷೆಯಲ್ಲಿ ಓದುವ ಹಕ್ಕುಂಟೆಂದು ಗಟ್ಟಿಯಾಗಿ ನಂಬಿದ್ದ ಮನುಷ್ಯನು, ಆ ಭಾಷೆಯಲ್ಲಿ ಆಗಲೇ ಓದತಕ್ಕದ್ದು ಇದ್ದಿತೆಂಬುದನ್ನು ನಂಬಲಾರದೆ ಹೋದನು. ಈ ವೈಷಮ್ಯವನ್ನು ಅವನ ಹಟಮಾರಿ ಸ್ವಭಾವದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವವರು ರಾಸೇಯ ರಾತ್ರಿಯನ್ನು ಮರೆಯುತ್ತಾರೆ. ಅವನು ಬಾಗಿಲ ವರೆಗೆ ಹೋಗಿ ತಟ್ಟಿದ್ದನು.

ರಾಸೇ ದ್ವೀಪದ ಮುಂದಿನ ಕಥೆಯನ್ನು ಸಾಹಿತ್ಯದ ಅಧ್ಯಾಪಕರು ತಿಳಿದಿರುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ನಡುವೆ ಆ ಮ್ಯಾಕ್‌ಲೌಡರ ಮನೆತನವೇ ದ್ವೀಪವನ್ನು ಕಳೆದುಕೊಂಡಿತು. ಹೊಸ ಒಡೆಯನು ಕುರಿಗಳಿಗಾಗಿ ಹಳ್ಳಿಗಳನ್ನು ಬರಿದುಮಾಡಿದನು. ಹಾಗೆ ಹಾಳಾದ ಹಳ್ಳಿಗಳಲ್ಲೊಂದು ಬಾಸ್‌ವೆಲ್ಲನು ಕುಣಿದ ಡನ್ ಕ್ಯಾನ್ ಗುಡ್ಡದಿಂದ ದೂರವಿಲ್ಲದ ಹಾಲಗ್. 1911ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ ಸೋರ್ಲಿ ಮ್ಯಾಕ್‌ಲೇನ್ ಇಪ್ಪತ್ತನೆಯ ಶತಮಾನದ ಗೇಲಿಕ್ ಕವಿಗಳಲ್ಲಿ ಮೊದಲಿಗನೆನಿಸಿ, 1954ರಲ್ಲಿ 'ಹಾಲಗ್' ಎಂಬ ಕವಿತೆಯನ್ನು ಪ್ರಕಟಿಸಿದನು. ಊರು ಬಿಟ್ಟುಹೋದವರ ಹೆಣ್ಣುಮಕ್ಕಳು ಅದರಲ್ಲಿ ಮರಗಳಾಗಿ ನಿಂತಿದ್ದಾರೆ. ಜಾನ್‌ಸನ್ನನು ದ್ವೀಪದುದ್ದಕ್ಕೂ ಮರವಿಲ್ಲ ಮರವಿಲ್ಲವೆಂದು ಗೊಣಗಿದುದನ್ನು ನೆನೆದು ಈ ಕವಿತೆಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಮ್ಯಾಕ್‌ಲೇನನು ಅದನ್ನು ತಾನೇ ಇಂಗ್ಲಿಷಿಗೆ ಭಾಷಾಂತರಿಸಿದನು. ಅಂದಿನ ರಾತ್ರಿ ಆ ಮಹಿಳೆಗೆ ಸಾಲದಾಗಿದ್ದ ಶಕ್ತಿ ಅದೇ ದ್ವೀಪದವನಲ್ಲಿ ಒದಗಿತು. ಇವರಿಬ್ಬರೂ ಸೆಪ್ಟೆಂಬರ್ ಕೊನೆಯಲ್ಲಿ ತಂಗಿದ್ದ ಸ್ಕೈ ದ್ವೀಪದ ಆಸ್ಟೇಗಿನಲ್ಲಿ, ಸರಿಯಾಗಿ ಇನ್ನೂರು ವರ್ಷಗಳ ಮೇಲೆ, 1973ರಲ್ಲಿ, ಗೇಲಿಕ್ ಭಾಷೆಯ ಉಚ್ಚವಿದ್ಯಾಲಯವೊಂದು ಸ್ಥಾಪಿತವಾಯಿತು.

ಪಾಠಕ್ರಮದ ವಿಚಾರವಾಗಿ ಒಂದು ಮಾತು. ಬಾಸ್‌ವೆಲ್ಲನು 1785ರಲ್ಲಿ ಅಚ್ಚು ಹಾಕಿಸಿದುದು ತಿದ್ದಿದ ಪಾಠ. ಅವನ ಮೂಲ ಹಸ್ತಪ್ರತಿ ಐರ್ಲೆಂಡಿನ ಮಲಹೈಡ್ ಕೋಟೆಯಲ್ಲಿ ದೊರೆತು 1936ರಲ್ಲಿ ಪ್ರಕಟವಾಗಿದೆ. ಬಾಸ್‌ವೆಲ್ಲನ ವ್ಯಕ್ತಿತ್ವವನ್ನು ಅಭ್ಯಾಸಮಾಡುವವರಿಗೆ ಆ ಮೂಲಪಾಠ ಅನಿವಾರ್ಯ, ದ್ವೀಪವನ್ನು ಅರಿಯುವವರಿಗೆ ಅಷ್ಟಾಗಿ ಬೇಕಿಲ್ಲ. ಚ್ಯಾಪ್‌ಮನ್ನನು 1924ರಲ್ಲಿ ಎರಡು ಗ್ರಂಥಗಳನ್ನೂ ಒಂದೇ ಸಂಪುಟವಾಗಿ ಸಂಪಾದಿಸಿರುವುದೇ ತರಗತಿಗೆ ಸಾಕು. ಅದರಲ್ಲಿ ರಾಸೇಯ ಭಾಗವನ್ನು ಎರಡು ಕಡೆಯಲ್ಲಿಯೂ ಮೊದಲು ಓದಿಸಿ, ಆಮೇಲೆ ಸ್ಕೈ ದ್ವೀಪದ ಭಾಷಾವಿಚಾರಕ್ಕೆ ಬಂದು, ಮಕ್ನಿಕಲ್ಲನ ಆಕ್ಷೇಪಗಳನ್ನು ಕೊನೆಗೆ ಕೈಗೆತ್ತಿಕೊಳ್ಳುವುದು ಲೇಸು. ಪಾದ್ರಿಯಿಂದ ಮೊದಲುಮಾಡಿದರೆ ವಿದ್ಯಾರ್ಥಿಗಳು ಜಾನ್‌ಸನ್ನನ ಮಿಕ್ಕ ಪುಟಗಳನ್ನು ತೆರೆಯುವುದೇ ಇಲ್ಲ.